ಅಪ್‌ಡೇಟ್: ಹೆರಿಗೆ ಔಷಧಿ ಹೊರಗಿನಿಂದ ತರಿಸಿದ್ದರ ದೂರು

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ತಂಗಿಯ ಹೆರಿಗೆಗೆ ಔಷಧಿ ಹೊರಗಿನಿಂದ ತರಿಸಿದರು, ಯಾರಿಗೆ ದೂರು ಕೊಡಲಿ ಅಂತ ಕೇಳಿದ್ದೆ.

2011ರಿಂದಲೇ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಅದರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ. ಇದು ಬಾಣಂತಿಯರಿಗೆ ಮೊದಲೇ ಗೊತ್ತಿರಬೇಕು, ಅಲ್ವಾ?

ನೀವು ಹೇಳಿದ ಹಾಗೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿದೆ. ಆದರೆ ಕೆಲಸ ಆಗಿದ್ದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು ಕೊಟ್ಟ ಅರ್ಜಿಯಿಂದ. ಗುಮಾಸ್ತರು "ಇಟ್ಟು ಹೋಗ್ರಿ" ಅಂದರು. ನಮ್ಮ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ನಾನು ಕದಲಲಿಲ್ಲ. ಮೆಡಿಕಲ್ ಬಿಲ್ ಜೊತೆ, ಔಷಧಿ ಹೆಸರು ಗೀಚಿ ಕೊಟ್ಟಿದ್ದ ಸೀಲಿಲ್ಲದ ಚೀಟಿಯನ್ನೂ ಇಟ್ಟಿದ್ದೆ. ವಿಚಾರಣೆಗೆ ಬಂದ ವೈದ್ಯರು ಮೊದಲು ನೋಡಿದ್ದೇ ಆ ಚೀಟಿ. ಅಂಥದ್ದನ್ನು ಸುಮ್ನೆ ಬಿಸಾಡಬೇಡಿ.

ದುಡ್ಡು ವಾಪಸ್ ಬಂತು. ಏನು ಕ್ರಮ ಆಯ್ತು ಅಂತ ಮಾತ್ರ ಹೇಳಲಿಲ್ಲ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇನೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರಬೇಕು. 30 ದಿನದೊಳಗೆ ಉತ್ತರ ಕೊಡಬೇಕು. ಪಕ್ಕದ ಬೆಡ್ಡಿನವರೂ ಅದೇ ಮೆಡಿಕಲ್‌ಗೆ ಓಡಿದ್ದರು. ಅವರ ದುಡ್ಡೂ ಬರಬೇಕು. ಅವರ ಅರ್ಜಿಯನ್ನೂ ಬರೆದುಕೊಡುತ್ತಿದ್ದೇನೆ.