ಅಸೊನೆನ್ಸ್‌ಗೆ ‘ಸ್ವರಾನುಪ್ರಾಸ’ ಸರಿಯೇ?

ಮಾನ್ಯರೇ, ಕಾವ್ಯಮೀಮಾಂಸೆಯ ಪಠ್ಯವೊಂದರ ಅನುವಾದ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಪದಕೋಶದಲ್ಲಿ ಅಲಿಟರೇಷನ್‌ಗೆ ‘ಅನುಪ್ರಾಸ’, ಅಸೊನೆನ್ಸ್‌ಗೆ, ಅಂದರೆ ಹತ್ತಿರದ ಪದಗಳಲ್ಲಿ ಒಂದೇ ಸ್ವರ ಮರುಕಳಿಸುವುದಕ್ಕೆ, ‘ಸ್ವರಾನುಪ್ರಾಸ’ ಎಂದು ಹಾಕಿದ್ದೆ. ಕರಡು ತಿದ್ದಿದವರು ಎರಡನೆಯದನ್ನು ಹೊಡೆದುಹಾಕಿದ್ದಾರೆ, ಬದಲಿ ಪದ ಕೊಟ್ಟಿಲ್ಲ. ಉದಾಹರಣೆಯ ಸಾಲು: ‘ಕಾಡ ದಾರಿ ಸಾಗಿ ಬಾ’. ಇಲ್ಲಿ ‘ಆ’ ಸ್ವರ ಮರುಕಳಿಸುವುದಕ್ಕೆ ಏನೆನ್ನಬೇಕು?

——

ತಿದ್ದಿದವರು ಸರಿ. ಅನುಪ್ರಾಸ ವ್ಯಂಜನದ್ದು. ‘ಮುಗಿಲ ಮಡಿಲ ಮಿಂಚು’ ಎಂಬಲ್ಲಿ ಮಕಾರದ ಮೇಲಿನ ಸ್ವರ ಮೂರು ಕಡೆಯೂ ಬೇರೆ, ಆದರೂ ಅದು ಅನುಪ್ರಾಸವೇ. ಸಂಸ್ಕೃತದ ಆಲಂಕಾರಿಕ ವಿಶ್ವನಾಥನ ಸಾಹಿತ್ಯದರ್ಪಣದ ಲಕ್ಷಣವೂ ಇದನ್ನೇ ಹೇಳುತ್ತದೆ. ಬರೀ ಸ್ವರದ ಹೋಲಿಕೆಯಲ್ಲಿ ವೈಚಿತ್ರ್ಯವಿಲ್ಲ, ಹಾಗಾಗಿ ಅದನ್ನು ಎಣಿಸಿಲ್ಲ ಎಂದು ಅದರ ವೃತ್ತಿಯಲ್ಲಿ, ಅಂದರೆ ವಿವರಣೆಯಲ್ಲಿ, ಸ್ಪಷ್ಟವಾಗಿದೆ. ಹೊರಗಿಟ್ಟದ್ದಕ್ಕೆ ಅದೇ ಹೆಸರು ಕಟ್ಟುವುದು ಹೇಗೆ? ಪದ ಬಿಡಿಸಿ ನೋಡಿ: ಅನು, ಪ್ರ, ಆಸ. ರಸಕ್ಕೆ ಅನುಗುಣವಾದ ಪ್ರಕೃಷ್ಟ ನ್ಯಾಸ (ಮಿಗಿಲಾದ ಜೋಡಣೆ) ಎಂದು ಇನ್ನೊಬ್ಬ ಆಲಂಕಾರಿಕ ಮಮ್ಮಟ ಬಿಡಿಸಿದ್ದಾನೆ. ‘ಸ್ವರಸಾಮ್ಯ’ ಎಂದು ಬರೆಯಿರಿ.

——

‘ಸ್ವರಸಾಮ್ಯ’ ಎಂದ ಕೂಡಲೇ ಓದುಗರಿಗೆ ಹೊಳೆಯುವುದು ಸರಿಗಮ. ಸ್ವರಕ್ಕೆ ‘ತೆರೆಯುಲಿ’ ಎಂಬ ಅಚ್ಚಗನ್ನಡ ಪದ ಬಳಕೆಗೆ ಬಂದಿದೆ. ‘ತೆರೆಯುಲಿಹೊಂದಿಕೆ’ ಎನ್ನಲು ಏನಡ್ಡಿ? ತಮಿಳರು ತಮ್ಮ ಪ್ರಾಸಗಳಿಗೆ ಎದುಗೈ, ಮೋನೈ ಎಂದು ತಮ್ಮ ಮಾತಲ್ಲೇ ಹೆಸರಿಟ್ಟರು. ನಾವು ಪ್ರಾಸವನ್ನೂ ಎರವಲು ತಂದೆವು.

——

ಎರವಲು ತಂದದ್ದು ಹೆಸರನ್ನು, ಕಟ್ಟಳೆಯನ್ನಲ್ಲ. ಪಾದಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕೆಂಬ ನಿಯಮ ಸಂಸ್ಕೃತ ವೃತ್ತಗಳಿಗಿಲ್ಲ. ನಾಗವರ್ಮನ ಕನ್ನಡ ಛಂದೋಗ್ರಂಥ ಛಂದೋಂಬುಧಿಯ ಆರು ಪ್ರಾಸಗಳನ್ನೇ ನೋಡಿ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವೇ ವಿಜಾತೀಯ ಒತ್ತಕ್ಷರವಾದರೆ ಶರಭ, ಸಜಾತೀಯವಾದರೆ ಹಯ. 1911ರಲ್ಲಿ ಗೋವಿಂದ ಪೈ ಬಿಟ್ಟದ್ದು ಈ ಪ್ರಾಸವನ್ನು, ಸಾಲಿನ ಕೊನೆಯದನ್ನಲ್ಲ. ಸಾವಿರ ವರ್ಷ ನಮ್ಮಲ್ಲಿ ದುಡಿದ ಪದವನ್ನು ಎರವಲೆಂದು ತಳ್ಳುವುದು ಹುರುಳಿಲ್ಲದ ವಾದ.

——

ಸಾವಿರ ವರ್ಷದ ಪದ ಇರಲಿ, ಕೇಳಿದ್ದು ಇವತ್ತು ಕಟ್ಟಬೇಕಾದ ಪದ. ಹೊಸದನ್ನು ಕಟ್ಟುವಾಗಲೂ ಸಂಸ್ಕೃತಕ್ಕೇ ಏಕೆ ಓಡಬೇಕು?

——

ಪದಕೋಶದ ಉಳಿದ ಪದಗಳೆಲ್ಲ ಸಂಸ್ಕೃತದವು, ಅದಕ್ಕೆ. ಒಂದೇ ಪುಟದಲ್ಲಿ ವ್ಯಂಜನವೂ ತೆರೆಯುಲಿಯೂ ಬೆರೆತರೆ ಇವೆರಡೂ ಜೋಡಿ ಎಂಬುದೇ ವಿದ್ಯಾರ್ಥಿಗೆ ಕಾಣದು. ಸರಿಗಮದ ಗೊಂದಲವೇನೋ ನಿಜ. ಮೊದಲ ಸಲ ‘ಸ್ವರಾಕ್ಷರಗಳ ಸಾಮ್ಯ’ ಎಂದು ಬಿಡಿಸಿ ಬರೆದರೆ ಅದು ನೀಗುತ್ತದೆ.

ಆದರೆ ಪ್ರಶ್ನೆ ಕೇಳಿದವರೇ, ನಿಮ್ಮ ಮೊದಲ ಪದ ‘ಅನುಪ್ರಾಸ’ದಲ್ಲೂ ತೊಡಕಿದೆ. ಅಲಿಟರೇಷನ್ ಪದಗಳ ಮೊದಲ ಧ್ವನಿಗೆ ಸಂಬಂಧಿಸಿದ್ದು, ಅನುಪ್ರಾಸ ಪದದ ಎಲ್ಲಿ ಬೇಕಾದರೂ ಬರುತ್ತದೆ. ಬರೀ ‘ಅನುಪ್ರಾಸ’ ಎಂದರೆ ಕಾನ್ಸೊನೆನ್ಸ್‌ಗೆ (ಪದದ ಎಲ್ಲಿಯಾದರೂ ವ್ಯಂಜನ ಮರುಕಳಿಸುವುದಕ್ಕೆ) ಪದವೇ ಉಳಿಯುವುದಿಲ್ಲ. ಅಲಿಟರೇಷನ್‌ಗೆ ‘ಆದ್ಯನುಪ್ರಾಸ’ ಎಂದು ಹಾಕಿ, ಕಾನ್ಸೊನೆನ್ಸ್‌ಗೆ ‘ವ್ಯಂಜನಸಾಮ್ಯ’ ಇರಲಿ. ಅಚ್ಚಿನವರು ‘ಆದ್ಯನುಪ್ರಾಸ’ವನ್ನು ‘ಆದಿಪ್ರಾಸ’ ಎಂದು ತಿದ್ದದಂತೆ ನೋಡಿಕೊಳ್ಳಿ. ಆದಿಪ್ರಾಸವೆಂದರೆ ಮೇಲೆ ಹೇಳಿದ ಎರಡನೆಯ ಅಕ್ಷರದ ಪ್ರಾಸ.