ಸಸ್ಯಜನ್ಯ ಆಹಾರವೇ, ಕಾರ್ಬೋಹೈಡ್ರೇಟ್ ಕಡಿತವೇ: ಮಧುಮೇಹದ ಪಥ್ಯ ಪಾಲಿಸಿದವರ ಅನುಭವಗಳು

ಕೇಳಿದವರು

ನನಗೆ ಎರಡನೇ ಬಗೆಯ ಮಧುಮೇಹ ಇದೆಯೆಂದು ಇತ್ತೀಚೆಗೆ ತಿಳಿದುಬಂತು. ರಕ್ತದ ಸಕ್ಕರೆಯ ಸರಾಸರಿ ಮಟ್ಟ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.1 ಬಂದಿದ್ದು, ಸದ್ಯಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ತೆಗೆದುಕೊಳ್ಳುತ್ತಿದ್ದೇನೆ. ಹಾಲು, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಟ್ಟು ಸಸ್ಯಜನ್ಯ ಆಹಾರಕ್ಕೆ ಬದಲಾದರೆ ಸಕ್ಕರೆ ಹತೋಟಿಗೆ ಬರುತ್ತದೆ ಎಂದು ಅಕ್ಕ ಹೇಳುತ್ತಾರೆ. ಧಾನ್ಯಗಳನ್ನು ಬಿಟ್ಟು ಕಾರ್ಬೋಹೈಡ್ರೇಟ್ ಕಡಿಮೆ ಮಾಡಲೇಬೇಕೆಂದು ಸ್ನೇಹಿತರೊಬ್ಬರ ಒತ್ತಾಯ. ಇಬ್ಬರೂ ನನ್ನ ಒಳಿತಿಗಾಗಿಯೇ ಹೇಳುತ್ತಿದ್ದಾರೆ, ಆದರೆ ಯಾರ ಮಾತು ಕೇಳಬೇಕೋ ತೋಚುತ್ತಿಲ್ಲ. ಪಾಲಿಸಿ ನೋಡಿದವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಾನು ಹಲವು ವರ್ಷಗಳಿಂದ ಕಡಿಮೆ ಕಾರ್ಬೋಹೈಡ್ರೇಟಿನ ಪಥ್ಯದಲ್ಲಿದ್ದೇನೆ. ನಿಮ್ಮ ಸ್ನೇಹಿತರು ‘ಕಡಿಮೆ’ ಎನ್ನುವುದು ಎಷ್ಟನ್ನು ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ದಿನಕ್ಕೆ 130 ಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಅದನ್ನು ಕಡಿಮೆ ಎನ್ನುತ್ತಾರೆ. 20ರಿಂದ 50 ಗ್ರಾಂಗೆ ಇಳಿಸಿದರೆ ಅದು ಕೀಟೋ ಪಥ್ಯವಾಗುತ್ತದೆ. ಎರಡರ ಕಷ್ಟವೂ ಬೇರೆ, ಅಪಾಯವೂ ಬೇರೆ. ನಾನು ಮೊದಲನೆಯದನ್ನೇ ಆರಿಸಿಕೊಂಡೆ.

ಊಟವಾದ ಮೇಲೆ ಆಗುವ ಏರಿಕೆ ಬಹುಬೇಗ ತಗ್ಗಿತು. ರಕ್ತದ ಗ್ಲೂಕೋಸನ್ನು ನೇರವಾಗಿ ಏರಿಸುವುದು ಕಾರ್ಬೋಹೈಡ್ರೇಟೇ ಆದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಊಟಕ್ಕೆ ಕೂರುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆ ಕಳೆದ ಮೇಲೆ ಇನ್ನೊಮ್ಮೆ ಬೆರಳು ಚುಚ್ಚಿ ನೋಡುತ್ತಿದ್ದೆ. ತಟ್ಟೆಯ ಅರ್ಧದಷ್ಟು ಧಾನ್ಯವೇ ಇದ್ದ ದಿನ ಮೀಟರ್ 220ರ ಆಸುಪಾಸು ತೋರಿಸುತ್ತಿತ್ತು. ಅದೇ ಧಾನ್ಯ ಕಾಲು ಭಾಗಕ್ಕಿಳಿದು, ಉಳಿದ ಜಾಗಕ್ಕೆ ಸೊಪ್ಪು, ತರಕಾರಿ, ಮೊಟ್ಟೆ ಅಥವಾ ಮೀನು ಬಂದ ದಿನ 160 ದಾಟುತ್ತಿರಲಿಲ್ಲ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಧಾನ್ಯವನ್ನು ಕೊನೆಗೆ ಉಳಿಸಿಕೊಂಡರೆ ಏರಿಕೆ ಇನ್ನೂ ನಿಧಾನವಾಗುವುದನ್ನು ಕಂಡೆ. ಆದರೆ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಅಷ್ಟು ಬೇಗ ಮಣಿಯಲಿಲ್ಲ. ರಾತ್ರಿಯೆಲ್ಲ ಯಕೃತ್ತು ತಾನಾಗಿ ಗ್ಲೂಕೋಸ್ ಬಿಡುಗಡೆ ಮಾಡುತ್ತಿರುವುದರಿಂದ ಅದು ಇಳಿಯಲು ಹೆಚ್ಚು ಕಾಲ ಬೇಕು. ಅದಕ್ಕಾಗಿ ಎದೆಗುಂದಬೇಡಿ.

ಈ ಪಥ್ಯದ ಎರಡು ತೊಡಕುಗಳನ್ನೂ ಹೇಳಲೇಬೇಕು. ಒಂದು, ಕೊಬ್ಬಿನ ಆಯ್ಕೆ. ಧಾನ್ಯದ ಜಾಗಕ್ಕೆ ಬೆಣ್ಣೆ ಮತ್ತು ಕೆಂಪು ಮಾಂಸ ಬಂದರೆ ಸಕ್ಕರೆ ಇಳಿದರೂ ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಏರಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಜನ 12 ವಾರ ಕೀಟೋ, 12 ವಾರ ಕಾಳು, ಹಣ್ಣು, ಇಡಿ ಧಾನ್ಯಗಳಿರುವ ಮೆಡಿಟರೇನಿಯನ್ ಆಹಾರ ಪಾಲಿಸಿದರು. ಎಚ್‌ಬಿಎ1ಸಿ ಎರಡರಲ್ಲೂ ಇಳಿಯಿತು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೀಟೋದಲ್ಲಿ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಹೆಚ್ಚು ಇಳಿದರೆ, ಎಲ್‌ಡಿಎಲ್ ಮಾತ್ರ ಏರಿತು. ಇನ್ನೊಂದು, ಬಾಳಿಕೆ. 2021ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನಗಳ ಒಟ್ಟು ವಿಶ್ಲೇಷಣೆಯಲ್ಲಿ, ಆರು ತಿಂಗಳಿಗೆ ಎದ್ದು ಕಂಡ ಲಾಭ ವರ್ಷ ತುಂಬುವಷ್ಟರಲ್ಲಿ ಬಹಳಷ್ಟು ಕರಗಿತ್ತು. ಎಷ್ಟು ದಿನ ಬಾಯಿ ಕಟ್ಟಲು ಸಾಧ್ಯ ಎಂಬುದನ್ನು ಆರಂಭದಲ್ಲೇ ಯೋಚಿಸಿಕೊಳ್ಳಿ.

ಎರಡನೆಯ ಉತ್ತರ

ನಾನು ಹಿಡಿದದ್ದು ನಿಮ್ಮ ಅಕ್ಕ ಹೇಳುವ ದಾರಿ, ಮತ್ತು ಅದರಿಂದ ನನಗೆ ನಿಜಕ್ಕೂ ಒಳ್ಳೆಯದಾಗಿದೆ. ಆದರೆ ‘ಸಸ್ಯಜನ್ಯ’ ಎಂಬ ಹೆಸರೊಂದನ್ನೇ ನಂಬಬೇಡಿ: ಸಕ್ಕರೆ, ಮೈದಾ, ಹಣ್ಣಿನ ರಸ ಎಲ್ಲವೂ ಸಸ್ಯಜನ್ಯವೇ. ಕೆಲಸ ಮಾಡುವುದು ಬೇಳೆಕಾಳು, ತರಕಾರಿ, ಸೊಪ್ಪು, ಇಡಿ ಧಾನ್ಯಗಳು. ಅವುಗಳ ನಾರಿನಂಶ ಗ್ಲೂಕೋಸ್ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ, ಹೊಟ್ಟೆ ಬೇಗ ತುಂಬುವುದರಿಂದ ತೂಕವೂ ಇಳಿಯುತ್ತದೆ. 2006ರಲ್ಲಿ ಪ್ರಕಟವಾದ ಅಮೆರಿಕದ 22 ವಾರಗಳ ಪ್ರಯೋಗವೊಂದರಲ್ಲಿ, ಔಷಧಿಯಲ್ಲಿ ಬದಲಾವಣೆ ಮಾಡದವರನ್ನಷ್ಟೇ ನೋಡಿದರೆ, ಕೊಬ್ಬು ಕಡಿಮೆಯಿರುವ ಪೂರ್ಣ ಸಸ್ಯಜನ್ಯ ಆಹಾರ ತಿಂದವರ ಎಚ್‌ಬಿಎ1ಸಿ 1.23ರಷ್ಟು ಇಳಿಯಿತು, ಆಗಿನ ವಾಡಿಕೆಯ ಮಧುಮೇಹ ಪಥ್ಯದಲ್ಲಿದ್ದವರದು 0.38ರಷ್ಟು. ನನ್ನ ಎಲ್‌ಡಿಎಲ್ ಕೂಡ ಚೆನ್ನಾಗಿ ಇಳಿದಿದೆ. ಊಟದ ನಂತರದ ಸಕ್ಕರೆ ಮಾತ್ರ ಮೇಲಿನ ಉತ್ತರದವರಷ್ಟು ತಗ್ಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು.

ನೀವು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವುದರಿಂದ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ವಿಟಮಿನ್ ಬಿ12 ಪ್ರಾಣಿಜನ್ಯ ಆಹಾರದಿಂದಲೇ ದೊರೆಯುವಂಥದ್ದು; ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡರೆ ಅದರ ಹೀರುವಿಕೆಯೂ ಕುಗ್ಗುತ್ತದೆ. ಎರಡೂ ಒಟ್ಟಾದಾಗ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ನನ್ನ ಪಾದಗಳಲ್ಲಿ ಜೋಮು ಶುರುವಾದಾಗ ಎಲ್ಲರೂ ಅದನ್ನು ಸಕ್ಕರೆಯಿಂದಾದ ನರದೌರ್ಬಲ್ಯವೆಂದೇ ಭಾವಿಸಿದ್ದರು. ರಕ್ತಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಇತ್ತು. ಈ ಮಾರ್ಗ ಹಿಡಿಯುವುದಾದರೆ ಬಿ12 ಮಾತ್ರೆಯ ಬಗ್ಗೆ ಮೊದಲ ದಿನವೇ ವೈದ್ಯರಲ್ಲಿ ಕೇಳಿ.

ಮೂರನೆಯ ಉತ್ತರ

ನಾನು ಇನ್ಸುಲಿನ್ ತೆಗೆದುಕೊಳ್ಳುವ ತಾಯಿಯನ್ನು ನೋಡಿಕೊಳ್ಳುತ್ತೇನೆ. ನಿಮಗೆ ಈಗ ಮೆಟ್‌ಫಾರ್ಮಿನ್ ಒಂದೇ ಇರುವುದರಿಂದ ಸಕ್ಕರೆ ಕುಸಿಯುವ ಭಯ ಕಡಿಮೆ. ಆದರೆ ಇದನ್ನು ಓದುವ ಇತರರಲ್ಲಿ ಇನ್ಸುಲಿನ್ ಅಥವಾ ದೇಹದಲ್ಲಿ ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುವ ಸಲ್ಫೊನಿಲ್‌ಯೂರಿಯಾ ಗುಂಪಿನ ಮಾತ್ರೆ ಇರುವವರು ಡೋಸ್ ಸರಿಪಡಿಸಿಕೊಳ್ಳದೆ ಧಾನ್ಯ ಕಡಿಮೆ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಅಮ್ಮನಿಗೆ ಹಾಗಾದಾಗ ಮೈ ಬೆವರಿ, ಕೈ ನಡುಗಿ, ಮಾತು ತೊದಲುತ್ತದೆ. 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸುತ್ತೇವೆ. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಪಥ್ಯಕ್ಕೆ ತಾವಾಗಿಯೇ ಇಳಿಯಕೂಡದು: ಮೀಟರಿನಲ್ಲಿ ಸಕ್ಕರೆ ಹೆಚ್ಚಾಗಿ ಕಾಣದೆಯೇ ರಕ್ತದಲ್ಲಿ ಕೀಟೋನ್ ಆಮ್ಲಗಳು ಏರಿ ಜೀವಕ್ಕೇ ಅಪಾಯವಾಗಬಹುದು.

ನಾಲ್ಕನೆಯ ಉತ್ತರ

ನಾನು ಎರಡನ್ನೂ ಪಾಲಿಸಿದ್ದೇನೆ, ಈಗ ಎರಡನ್ನೂ ಸೇರಿಸಿ ತಿನ್ನುತ್ತಿದ್ದೇನೆ. ನಿಮ್ಮ ಅಕ್ಕನ ಮಾತಿಗೂ ಸ್ನೇಹಿತರ ಮಾತಿಗೂ ಮೇಲ್ನೋಟಕ್ಕೆ ಕಾಣುವಷ್ಟು ವಿರೋಧವಿಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ವರದಿಯಲ್ಲಿ, ಎಲ್ಲರಿಗೂ ಹೊಂದುವ ಕಾರ್ಬೋಹೈಡ್ರೇಟ್ ಪ್ರಮಾಣವೊಂದಿಲ್ಲ ಎಂದು ಹೇಳುತ್ತಲೇ, ಪಿಷ್ಟ ಕಡಿಮೆಯಿರುವ ತರಕಾರಿ ಹೆಚ್ಚಲಿ, ಸೇರಿಸಿದ ಸಕ್ಕರೆ ಮತ್ತು ಪಾಲಿಶ್ ಮಾಡಿದ ಧಾನ್ಯ ತಗ್ಗಲಿ, ಕಾರ್ಖಾನೆಯ ಸಿದ್ಧ ತಿನಿಸುಗಳ ಬದಲು ಇಡಿಯಾದ ಪದಾರ್ಥಗಳಿರಲಿ ಎಂದು ಸೂಚಿಸಿತು. ಇದರಲ್ಲಿ ಇಬ್ಬರೂ ತಕರಾರು ತೆಗೆಯುವಂಥದ್ದೇನಿದೆ? ನನ್ನ ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಬೇಳೆಕಾಳು ಅಥವಾ ಸೋಯಾ, ಉಳಿದ ಕಾಲು ಭಾಗದಲ್ಲಿ ಇಡಿ ಧಾನ್ಯ, ಜೊತೆಗೆ ಒಂದು ಹಿಡಿ ಬಾದಾಮಿ ಅಥವಾ ಶೇಂಗಾ ಇರುತ್ತದೆ.

ನಿಮ್ಮ ತೂಕ ಹೆಚ್ಚಿದ್ದರೆ ಅದನ್ನು ಇಳಿಸುವುದೇ ಮುಖ್ಯ ಕೆಲಸವೆಂದು ನನ್ನ ಅಭಿಪ್ರಾಯ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನ ಕ್ಯಾಲೊರಿ ಕಡಿತವನ್ನು ಆಧರಿಸಿತ್ತು. ಅದರಲ್ಲಿ 15 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರ ಪೈಕಿ ಶೇ. 86 ಮಂದಿ ವರ್ಷದ ಕೊನೆಗೆ ಔಷಧಿಯಿಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗಿದ್ದರು. ಮೂತ್ರಪಿಂಡದ ತೊಂದರೆ ಇರುವವರಿಗಂತೂ ಪ್ರೋಟೀನ್ ಹೆಚ್ಚಿದರೂ ಕಷ್ಟ, ಕಾಳು ತರಕಾರಿಗಳಿಂದ ಪೊಟ್ಯಾಸಿಯಮ್ ಹೆಚ್ಚಿದರೂ ಕಷ್ಟವಾಗಬಹುದು. ಆದ್ದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ ನೋಡದೆ ಯಾವ ಪಥ್ಯವನ್ನೂ ಹಿಡಿಯಬೇಡಿ.

ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ, ಆರಿಸಿಕೊಂಡದ್ದನ್ನು ಅಷ್ಟು ಕಾಲವಾದರೂ ಬದಲಾಯಿಸದೆ ಪಾಲಿಸಿ, ಆಮೇಲೆ ಎಲ್‌ಡಿಎಲ್ ಪರೀಕ್ಷೆಯನ್ನೂ ಸೇರಿಸಿ ಮಾಡಿಸಿ. ಎರಡೂ ಇಳಿದಿದ್ದರೆ ಅದನ್ನೇ ಮುಂದುವರಿಸಿ. ಸಕ್ಕರೆ ಇಳಿದು ಎಲ್‌ಡಿಎಲ್ ಏರಿದ್ದರೆ ಕೊಬ್ಬಿನ ಮೂಲ ಬದಲಿಸಿ. ಎಲ್‌ಡಿಎಲ್ ಇಳಿದು ಊಟದ ನಂತರದ ಸಕ್ಕರೆ 180ಕ್ಕಿಂತ ಮೇಲೆಯೇ ಉಳಿದಿದ್ದರೆ ಧಾನ್ಯದ ಪಾಲನ್ನು ಇನ್ನಷ್ಟು ತಗ್ಗಿಸಿ.