ಸಣ್ಣ ವಿಮಾನದಲ್ಲಿ ದಾರಿಗೆ ಟ್ಯಾಬ್ ಒಂದನ್ನೇ ನಂಬಬಹುದಾ? ಅನುಭವ ಇದ್ದವರು ಹೇಳಿ

ಹೊಸ_ಪೈಲಟ್_ಸ್ಯಾನ್‌ಹೋಸೆ
ಎಲ್ಲರಿಗೂ ನಮಸ್ಕಾರ. ಈ ಸಲ ಪ್ರೈವೇಟ್ ಪೈಲಟ್ ಲೈಸೆನ್ಸ್ ಕೈಗೆ ಬಂತು. ಇಲ್ಲೇ ಕ್ಯಾಲಿಫೋರ್ನಿಯಾದ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಸಿಗೋ ಹಳೇ ಸೆಸ್ನಾ 172 ಹಾರಿಸ್ತೀನಿ. ಪ್ಯಾನೆಲ್‌ನಲ್ಲಿ ಜಿಪಿಎಸ್ ಇಲ್ಲ, ಒಂದು ವಿಒಆರ್ (ನೆಲದ ರೇಡಿಯೋ ಕೇಂದ್ರದ ಸಿಗ್ನಲ್ ಹಿಡಿದು ದಿಕ್ಕು ತೋರಿಸೋ ಉಪಕರಣ) ಇದೆ ಅಷ್ಟೇ. ಜುಲೈನಲ್ಲಿ ಅಪ್ಪ ಅಮ್ಮ ಮೈಸೂರಿಂದ ಬರ್ತಾರೆ, ಅವರನ್ನ ಕೂರಿಸ್ಕೊಂಡು ಫ್ರೆಸ್ನೋಗೆ ಹೋಗಿ ಬರೋ ಆಸೆ. ಮನೇಲಿ ವೈಫೈ ಮಾತ್ರ ಇರೋ ಐಪ್ಯಾಡ್ ಇದೆ. ಅದು ಸಾಕಾ? ಫೋನ್ ಬ್ಯಾಕಪ್ ಆಗುತ್ತಾ? ದಯವಿಟ್ಟು ತಿಳಿಸಿ.

ಲಿವರ್ಮೋರ್_ಗೌಡ
ಜುಲೈ, ಫ್ರೆಸ್ನೋ ಎರಡನ್ನೂ ಒಟ್ಟಿಗೆ ಓದಿ ಎದೆ ಧಸಕ್ ಅಂತು. ನಾನು ಅದೇ ದಾರೀಲಿ ಬೆಂದವನು. ಟ್ಯಾಬನ್ನ ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ ಕೂರಿಸಿದ್ದೆ, ಚಾರ್ಜರ್ ಕೇಬಲ್ ಸಿಕ್ಕಿಸಿತ್ತು. ಬೆಳಗ್ಗೆ ಆಗ್ನೇಯಕ್ಕೆ ಹೋಗ್ತಿದ್ರೆ ಎಡಗಡೆ ಕಿಟಕಿಯಿಂದ ಬಿಸಿಲು ನೇರ ಪರದೆ ಮೇಲೇ ಬೀಳುತ್ತೆ. ಪನೋಚೆ ಗುಡ್ಡ ದಾಟಿ ಬಯಲಿಗೆ ಇಳಿದ ಮೇಲೆ ಪರದೆ ತಾನಾಗೇ ಮಂಕಾಯ್ತು. ಬೆಳಕು ಜಾಸ್ತಿ ಮಾಡಿದ್ರೂ ಆಗ್ಲಿಲ್ಲ. ಆಮೇಲೆ ಚಾರ್ಜ್ ಆಗೋದು ನಿಂತಿತು. ಫ್ರೆಸ್ನೋದ ಕ್ಲಾಸ್ ಸಿ (ನಿಲ್ದಾಣದ ಸುತ್ತಲಿನ ನಿಯಂತ್ರಿತ ವಾಯುಪ್ರದೇಶ) ಅಂಚಿಗೆ ಬರೋ ಹೊತ್ತಿಗೆ ಪೂರ್ತಿ ಕಪ್ಪು, ನಡುವೆ ಒಂದು ಥರ್ಮಾಮೀಟರ್ ಚಿತ್ರ. ನಕ್ಷೆ, ಫ್ರೀಕ್ವೆನ್ಸಿ, ರನ್‌ವೇ ಚಿತ್ರ ಎಲ್ಲಾ ಅದರೊಳಗೇ ಇತ್ತು. ವಿಒಆರ್‌ಗೆ ಪನೋಚೆ ಕೇಂದ್ರದ ಫ್ರೀಕ್ವೆನ್ಸಿ 112.6 ಹಾಕಿ, ಹೆದ್ದಾರಿ 99 ಹುಡುಕ್ಕೊಂಡು, ಫ್ರೆಸ್ನೋ ಅಪ್ರೋಚ್ (ಆ ಪ್ರದೇಶದ ವಿಮಾನ ನಿಯಂತ್ರಕರು) ಜೊತೆ ಮಾತಾಡ್ತಾ ಇಳಿದೆ.

ಐಪ್ಯಾಡ್ ಬಳಸೋಕೆ ಕಂಪನಿ ಹೇಳೋ ಮಿತಿಯೇ ಹೊರಗಿನ ಶಾಖ 35 ಡಿಗ್ರಿ ಸೆಲ್ಸಿಯಸ್. ಜುಲೈನಲ್ಲಿ ಫ್ರೆಸ್ನೋ ನೆಲದ ಮೇಲೇ ಅದನ್ನ ದಾಟುತ್ತೆ, ಇನ್ನು ರ‍್ಯಾಂಪ್‌ನಲ್ಲಿ ನಿಂತ 172 ಒಳಗೆ ಎಷ್ಟಿರುತ್ತೆ ಯೋಚಿಸಿ. ಖರ್ಚಿನ ಲೆಕ್ಕವನ್ನೂ ಹೇಳ್ತೀನಿ: ಸೆಲ್ಯುಲರ್ ಐಪ್ಯಾಡ್ ಮಿನಿ ಕೊಂಡಾಗ 649 ಡಾಲರ್, ತೆರಿಗೆ ಸೇರಿ 700 ದಾಟಿತು. ಯೋಕ್ ಕ್ಲಾಂಪ್ ಬೇರೆ. ಈ ಘಟನೆ ಆದ್ಮೇಲೆ ಫ್ಯಾನ್ ಇರೋ ಕೇಸ್, ಅದಕ್ಕೇ ಹತ್ತಿರ ಹತ್ತಿರ 200. ಆ ಫ್ಯಾನಿಗೆ ಪ್ರತ್ಯೇಕ ಬ್ಯಾಟರಿ. ಆಪ್‌ನ ವರ್ಷದ ಚಂದಾ ಅಂತೂ ಇದ್ದದ್ದೇ. ಆದ್ರೂ ಹೇಳ್ತೀನಿ, ಟ್ಯಾಬ್ ಬಿಟ್ಟು ಹಾರಲ್ಲ.

ಧಾರವಾಡದಾಂವ_ಎಲ್‌ಪಾಸೋ
ಗೌಡ್ರ, ಇಷ್ಟೆಲ್ಲಾ ರೊಕ್ಕಾ ಸುರದು ಕಡೀಕ ನಿಮ್ಮನ್ನ ಇಳಿಸಿದ್ದು ಯಾವದ್ರಿ? ವಿಒಆರ್! ಅದನ್ನ ನೀವ ಬರದೀರಿ, ಮತ್ತ ನೀವ ಟ್ಯಾಬ್ ಬಿಡೂದಿಲ್ಲ ಅಂತೀರಿ.

ನಾ ಇರೂದು ವೈಟ್ ಸ್ಯಾಂಡ್ಸ್ ಮಗ್ಗಲಿಗೆ. ಇಲ್ಲೆ ಮಿಲಿಟ್ರಿಯವರು ಜಿಪಿಎಸ್ ಜಾಮ್ ಮಾಡೂ ಟೆಸ್ಟ್ ಇಟ್ಟಾಗೆಲ್ಲಾ ನೋಟಾಮ್ (ಪೈಲಟ್‌ಗಳಿಗೆ ಎಚ್ಚರಿಕಿ ಸೂಚನಾ) ಬರತೈತಿ. ಎತ್ತರಕ್ಕ ಹೋದಷ್ಟೂ ಅದರ ವರ್ತುಲ ದೊಡ್ಡದಾಗತೈತಿ. ಒಮ್ಮೆ ಡೆಮಿಂಗ್ ಕಡೆ ಹೊಂಟಾಗ ಟ್ಯಾಬ್‌ನಾಗಿನ ವಿಮಾನದ ಗುರ್ತು ನಿಂತಲ್ಲೇ ನಿಂತು, ಆಮ್ಯಾಲೆ ಮಾಯ ಆತು. ಫೋನ್ ತೆಗದೆ, ಅದೂ ಹಂಗ. ಪ್ಯಾನೆಲ್ ಜಿಪಿಎಸ್, ಅದೂ ಹಂಗ. ಮೂರೂ ಒಂದ ಸ್ಯಾಟಲೈಟ್ ನಂಬಿದ್ವು, ಮೂರೂ ಕೂಡೇ ಹೋದ್ವು. ಫೋನ್ ಬ್ಯಾಕಪ್ ಅನ್ನೋರು ಇದನ್ನ ವಿಚಾರ ಮಾಡ್ರಿ. ಕ್ಯಾಲಿಫೋರ್ನಿಯಾದಾಗೂ ಚೈನಾ ಲೇಕ್ ಮಿಲಿಟ್ರಿ ನೆಲಿಯ ಟೆಸ್ಟ್ ಇರತಾವ, ಅಲ್ಲಿ ಇಲ್ಲ ಅನಬ್ಯಾಡ್ರಿ. ನನ್ನ ತೊಡಿ ಮ್ಯಾಲೆ ಕಾಗದದ ಸೆಕ್ಷನಲ್ (ಪೈಲಟ್‌ಗಳ ನಕ್ಷಿ) ಇತ್ತು, ಕೆಳಗ ರೈಲ್ವೆ ಹಳಿ ಇತ್ತು, ಹೆದ್ದಾರಿ 10 ಇತ್ತು.

ಲಿವರ್ಮೋರ್_ಗೌಡ
ಸ್ವಾಮಿ, ನಾನು ವಿಒಆರ್ ಬೇಡ ಅಂದಿದ್ದು ಎಲ್ಲಿ? ಕಾಗದದ ಮಾತಿಗೆ ಬಂದ್ರೆ, ಕುಲುಕಾಟದಲ್ಲಿ ಆ ದೊಡ್ಡ ಹಾಳೆ ಮಡಚಿ ಆಚೆ ಬದಿ ತಿರುಗಿಸೋ ಅಷ್ಟರಲ್ಲಿ 300 ಅಡಿ ಕೆಳಗಿರ್ತೀವಿ. 2021ರಿಂದ ಸೆಕ್ಷನಲ್‌ಗಳು 56 ದಿನಕ್ಕೊಮ್ಮೆ ಹೊಸದು, ಮೊದಲಿನ ಹಾಗೆ ಆರು ತಿಂಗಳು ನಡೆಯಲ್ಲ. ನಿಮ್ಮ ಹತ್ತಿರ ಇದ್ದದ್ದು ಯಾವ ಕಾಲದ್ದು ಅಂತ ಕೇಳಬಹುದಾ?

ಧಾರವಾಡದಾಂವ_ಎಲ್‌ಪಾಸೋ
ಕೇಳ್ರಿ, ಹೇಳತೀನಿ. ಎಲ್‌ಪಾಸೋ, ಆಲ್ಬುಕರ್ಕೀ, ಫೀನಿಕ್ಸ್, ಮೂರೂ ಚಾಲ್ತಿಯವ. ಪ್ರತಿ 56 ದಿನಕ್ಕ ಮೂರೂ ಹೊಸಾವು ತರಸತೀನಿ, ಅಂಚೆ ಖರ್ಚು ಬ್ಯಾರೆ. ಅವಧಿ ಮುಗಿದ ನಕ್ಷಿ ಇಟಗೊಂಡು ಹಾರೂ ಮನಶಾ ನಾ ಅಲ್ಲ. ಹಂಗ ಕೇಳಿದ್ದು ನನಗ ಸರಿ ಅನಸಲಿಲ್ಲ.

ಕೇಂಬ್ರಿಡ್ಜ್_ಅಕ್ಕ
ಇಂಗ್ಲೆಂಡಿನ ಮಾತು ಬೇರೆ. ಇಲ್ಲಿ ಲೂಟನ್, ಸ್ಟಾನ್‌ಸ್ಟೆಡ್ ಹತ್ತಿರ ಹಾರೋರಿಗೆ ಕಂಟ್ರೋಲ್ಡ್ ಏರ್‌ಸ್ಪೇಸ್ (ಅನುಮತಿ ಇಲ್ಲದೆ ಹೋಗಬಾರದ ವಾಯುಪ್ರದೇಶ) ಒಳಗೆ ಅಕಸ್ಮಾತ್ ಕಾಲಿಡೋದೇ ದೊಡ್ಡ ಭಯ. ಅಂಚಿನಿಂದ 2 ನಾಟಿಕಲ್ ಮೈಲಿ, ಎತ್ತರದಲ್ಲಿ 200 ಅಡಿ ದೂರ ಇರಿ, ‘ಟೇಕ್ ಟೂ’ ಅಂತ ಇಲ್ಲಿ ಹೇಳಿಕೊಡ್ತಾರೆ. ಹಳ್ಳಿ, ಚರ್ಚು, ಹೊಲ ಎಲ್ಲಾ ಒಂದೇ ಥರ ಕಾಣೋ ಮಬ್ಬು ದಿನ ಬರೀ ಕಾಗದ ನೋಡಿ ಆ ಅಂತರ ಕಾಯ್ಕೋತೀನಿ ಅನ್ನೋದು ಧೈರ್ಯ ಅಲ್ಲ, ಹಠ. ನಾನು ಸ್ಕೈಡೆಮನ್ ಆಪ್ ಬಳಸ್ತೀನಿ, ಗೆರೆ ಹತ್ತಿರ ಬಂದ್ರೆ ಅದೇ ಎಚ್ಚರಿಸುತ್ತೆ. ನನ್ನ ಆಯ್ಕೆ ಬಗ್ಗೆ ನನಗೆ ಹೆಮ್ಮೆ ಇದೆ.

ನನ್ನ ಗೋಳು ಮೌಂಟಿಂದು. ಸಕ್ಷನ್ ಕಪ್ ಚಳಿಗಾಲದ ಬೆಳಗ್ಗೆ ಕಿಟಕಿಗೆ ಗಟ್ಟಿ ಹಿಡಿದ ಹಾಗೇ ಇತ್ತು. ಟೇಕಾಫ್ ಆಗಿ ಏರ್ತಾ ಇದ್ದಾಗ ಕಳಚಿ ರಡ್ಡರ್ ಪೆಡಲ್ ಸಂದಿಗೆ ಬಿತ್ತು. ಎಡ ಕಾಲು ಒತ್ತಿದ್ರೆ ಟ್ಯಾಬ್ ತಾಗುತ್ತೆ. ಬಗ್ಗೋ ಹಾಗಿಲ್ಲ, ಕೈ ಬಿಡೋ ಹಾಗಿಲ್ಲ. ಪಕ್ಕದ ಸೀಟಲ್ಲಿದ್ದ ಗೆಳತಿ ಬೆಲ್ಟ್ ಸಡಿಲ ಮಾಡಿ ಕಾಲಲ್ಲಿ ಎಳೆದು ತೆಗೆದಳು. ಗಾಜು ಒಡೆದಿತ್ತು. ರಿಪೇರಿ ಅಂಗಡಿಯವನು ಒಂದು ವಾರ ಇಟ್ಕೊಂಡು ಟಚ್ ಸರಿ ಕೆಲಸ ಮಾಡದ ಪರದೆ ಹಾಕಿ ಕೊಟ್ಟ, ಮತ್ತೆ ದುಡ್ಡು ಕೊಟ್ಟು ಬೇರೆ ಕಡೆ ಹಾಕಿಸಿದೆ. ಈಗ ತೊಡೆಗೆ ಪಟ್ಟಿ ಕಟ್ಟೋ ನೀಬೋರ್ಡ್. ಇನ್ನೊಂದು, ಪೋಲರೈಸ್ಡ್ ಕನ್ನಡಕ ಹಾಕ್ಕೊಂಡ್ರೆ ಟ್ಯಾಬ್ ಒಂದು ಕಡೆ ತಿರುಗಿದಾಗ ಪರದೆಯೇ ಕಾಣದೇ ಹೋಗಬಹುದು. ನೆಲದ ಮೇಲೇ ಎರಡೂ ಕಡೆ ತಿರುಗಿಸಿ ನೋಡಿ.

ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಬಂತು ಅಂತ ಹಾರೋ ಹಿಂದಿನ ರಾತ್ರಿ ಹಾಕಬೇಡಿ. 2015ರಲ್ಲಿ ಐಒಎಸ್ 8.3 ಬಂದಾಗ ಬ್ಲೂಟೂತ್ ಜಿಪಿಎಸ್ ರಿಸೀವರ್‌ಗಳ ಸಂಪರ್ಕವೇ ಕೆಟ್ಟಿತ್ತು.

ಸ್ಟ್ರಾಟಕ್ಸ್_ಭಟ್ಟ
ಬ್ಲೂಟೂತ್ ರಿಸೀವರ್ ಮಾತು ಬಂತಲ್ಲ, ನಾನು ಅದಕ್ಕೆ ದುಡ್ಡೇ ಹಾಕ್ಲಿಲ್ಲ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಎರಡು ಎಸ್‌ಡಿಆರ್ ರೇಡಿಯೋ, ಜಿಪಿಎಸ್ ತುಂಡು, ಆಂಟೆನಾ, ಪವರ್ ಬ್ಯಾಂಕ್ ಸೇರಿಸಿ ಸ್ಟ್ರಾಟಕ್ಸ್ ಅನ್ನೋ ರಿಸೀವರ್ ಕಟ್ಟಿದೆ. ಅಂಗಡಿ ಪೆಟ್ಟಿಗೆಗೆ ಕೊಡೋ ದುಡ್ಡಿನ ಅರ್ಧಕ್ಕಿಂತ ಕಡಿಮೆ. ವಿಮಾನಗಳು ತಮ್ಮ ಸ್ಥಾನ ತಿಳಿಸೋ 978 ಮತ್ತು 1090 ಮೆಗಾಹರ್ಟ್ಸ್ ಎರಡೂ ಕೇಳುತ್ತೆ, ಟ್ರಾಫಿಕ್ ಕಾಣುತ್ತೆ, ಹವಾಮಾನ ಬರುತ್ತೆ, ವೈಫೈ ಮೇಲೆ ಟ್ಯಾಬಿಗೆ ಜಿಪಿಎಸ್ ಕೊಡುತ್ತೆ.

ನನಗೆ ತಲೆ ಕೆಡಿಸಿದ್ದು ಚಾರ್ಜರ್. ಸಿಗರೇಟ್ ಲೈಟರ್ ಸಾಕೆಟ್‌ಗೆ ಅಗ್ಗದ ಯುಎಸ್‌ಬಿ ಚಾರ್ಜರ್ ಹಾಕಿದ್ದೆ. ಹೆಡ್‌ಸೆಟ್‌ನಲ್ಲಿ ಸೊರ್ ಅಂತ ಸದ್ದು, ಕೆಲವು ಫ್ರೀಕ್ವೆನ್ಸಿಯಲ್ಲಿ ಸ್ಕ್ವೆಲ್ಚ್ (ರೇಡಿಯೋದ ಗದ್ದಲ ತಡೆಯೋ ವ್ಯವಸ್ಥೆ) ತಾನೇ ತೆರ್ಕೊಳ್ಳುತ್ತೆ, ಟವರ್ ಮಾತು ಅರ್ಧ ಕೇಳುತ್ತೆ. ರೇಡಿಯೋ ಕೆಟ್ಟಿದೆ ಅಂತ ಆವಿಯಾನಿಕ್ಸ್ ಅಂಗಡಿಗೆ ಒಯ್ದೆ. ಪರೀಕ್ಷೆಗೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡಿದ್ರು, ಏನೂ ಸಿಗಲಿಲ್ಲ ಅಂದ್ರು. ಆಂಟೆನಾ ಕೇಬಲ್ ಬದಲಿಸಿದ್ರು, ಅದಕ್ಕೂ ಬಿಲ್. ಕೊನೆಗೆ ಹಾರ್ತಾ ಇರೋವಾಗ ಚಾರ್ಜರ್ ಕಿತ್ತೆ, ಸದ್ದು ನಿಂತು ಹೋಯ್ತು. ಹತ್ತು ಡಾಲರ್ ವಸ್ತುವಿಗೆ ನೂರಾರು ಹೋಯ್ತು, ಆ ಸಿಟ್ಟು ಇನ್ನೂ ಇಳಿದಿಲ್ಲ.

ಲಿವರ್ಮೋರ್_ಗೌಡ
ಭಟ್ರೇ, ನಿಮ್ಮ ಪೈ ಪೆಟ್ಟಿಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದ್ಯಾ? ನಾನು ಅಂಗಡಿಯ ಸೆಂಟ್ರಿ ರಿಸೀವರ್ ತಗೊಂಡಿದ್ದೇ ಅದಕ್ಕೆ. ಹೀಟರ್ ಗಾಳಿ ಎಕ್ಸಾಸ್ಟ್ ಸುತ್ತ ಬರೋ ಈ ಹಳೇ ವಿಮಾನಗಳಲ್ಲಿ ಅದು ಪ್ರಾಣದ ಪ್ರಶ್ನೆ.

ಸ್ಟ್ರಾಟಕ್ಸ್_ಭಟ್ಟ
ಬ್ಯಾಟರಿ ಹಾಕೋ ಸಿಒ ಅಲಾರಂ ಪ್ರತ್ಯೇಕ ಸಿಗುತ್ತೆ, ನನ್ನ ಪ್ಯಾನೆಲ್ ಮೇಲೆ ಇದೆ. ದುಬಾರಿ ತಗೊಂಡೋರಿಗೆ ಕಟ್ಟಿಕೊಂಡವರು ಅಂದ್ರೆ ಯಾಕೋ ಸಸಾರ. ಅದಕ್ಕಿಂತ ಮುಖ್ಯವಾದ್ದು ಇದೆ: ಪೆಟ್ಟಿಗೆ ಯಾವುದೇ ಇರಲಿ, ಪರದೆ ಮೇಲಿನ ರೇಡಾರ್ ಚಿತ್ರ ಅದು ಹೇಳೋ ವಯಸ್ಸಿಗಿಂತ 15–20 ನಿಮಿಷ ಹಳೇದಿರಬಹುದು ಅಂತ ಅಮೆರಿಕದ ಸಾರಿಗೆ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಸಿದೆ. ಅದನ್ನ ನೋಡ್ಕೊಂಡು ಎರಡು ಮಳೆಮೋಡದ ನಡುವೆ ನುಗ್ಗೋರನ್ನ ಕಂಡ್ರೆ ನನಗೆ ಹೆದರಿಕೆ.

ಜಕ್ಕೂರು_ಮೇಷ್ಟ್ರು
ಎಲ್ಲಾ ಓದಿದೆ. ನಂದಿಬೆಟ್ಟ, ಹೆಸರಘಟ್ಟ ಕೆರೆ ನೋಡಿ ದಾರಿ ಗುರುತಿಸಿ ಕಲಿತವನು ನಾನು. ಪಕ್ಕದಲ್ಲೇ ಯಲಹಂಕದ ವಾಯುನೆಲೆ, ಆಚೆ ಕೆಂಪೇಗೌಡ ನಿಲ್ದಾಣ, ಹತ್ತು ಡಿಗ್ರಿ ತಪ್ಪಿದ್ರೆ ರೇಡಿಯೋದಲ್ಲಿ ಬೈಗುಳ. ಈಗಿನ ಹುಡುಗರು ಏರಿದ ಕೂಡ್ಲೇ ತೊಡೆ ಮೇಲಿನ ಪರದೆ ನೋಡ್ತಾರೆ, ಮೂಗು ಎಲ್ಲಿದೆ, ರೆಕ್ಕೆ ಎಲ್ಲಿದೆ ಗಮನ ಇಲ್ಲ. ಟ್ಯಾಬ್ ಕೆಡೋದಕ್ಕಿಂತ ಮುಂಚೆ ಕಣ್ಣಿನ ಅಭ್ಯಾಸ ಕೆಡುತ್ತೆ. ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಲೈಸೆನ್ಸ್ ಈಗಷ್ಟೇ ಬಂದಿದೆ, ಜುಲೈ ಮಧ್ಯಾಹ್ನದ ಬಿಸಿ ಗಾಳೀಲಿ ವಯಸ್ಸಾದ ತಂದೆ ತಾಯೀನ ಕೂರಿಸ್ಕೊಂಡು ಮೊದಲ ದೂರದ ಹಾರಾಟ ಯಾಕೆ?

ಕೇಂಬ್ರಿಡ್ಜ್_ಅಕ್ಕ
ಮೇಷ್ಟ್ರೇ, ಅವರು ಕೇಳಿದ್ದು ಅದಲ್ಲ. ಪರದೆ ನೋಡೋರೆಲ್ಲಾ ಹೊರಗೆ ನೋಡಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಒಂದು ಕ್ಷಣ ಕಣ್ಣಾಡಿಸಿದ್ರೆ ಸ್ಥಾನ ಗೊತ್ತಾಗುತ್ತೆ, ಉಳಿದ ಹೊತ್ತೆಲ್ಲಾ ಹೊರಗೇ ನೋಡ್ತೀನಿ. ಕಾಗದ ಹಿಡಿದೋರೇ ಜಾಸ್ತಿ ಹೊತ್ತು ತಲೆ ತಗ್ಗಿಸ್ತಾರೆ.

ಜಕ್ಕೂರು_ಮೇಷ್ಟ್ರು
ನಿಮಗೆ ಅಭ್ಯಾಸ ಇದೆ ತಾಯಿ, ನಾನು ಹೇಳಿದ್ದು ಹೊಸಬರಿಗೆ. ತಂದೆ ತಾಯಿ ವಿಷಯ ನಾನು ಬಿಡಲ್ಲ. ಹಾಗೇ, ಇಲ್ಲಿಗೆ ರಜೆಗೆ ಬರೋರು ಸ್ಯಾಟಲೈಟ್ ಮೂಲಕ ಸಂದೇಶ ಕಳಿಸೋ ಸಾಧನಗಳನ್ನ ಬ್ಯಾಗಲ್ಲಿ ತರಬೇಡಿ. ಪರವಾನಗಿ ಇಲ್ಲದೆ ಭಾರತದಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಏರ್‌ಪೋರ್ಟ್‌ನಲ್ಲೇ ಹಿಡೀತಾರೆ.

ಹೊಸ_ಪೈಲಟ್_ಸ್ಯಾನ್‌ಹೋಸೆ
ಎಲ್ಲರಿಗೂ ಧನ್ಯವಾದ. ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋ ಮುಂಚೆ ಇನ್‌ಸ್ಟ್ರಕ್ಟರ್ ಜೊತೆ ಆ ದಾರೀಲಿ ಹೋಗಿ ಬರ್ತೀನಿ ಮೇಷ್ಟ್ರೇ. ಆದ್ರೆ ನನ್ನ ವೈಫೈ ಐಪ್ಯಾಡ್ ಸಾಕಾ ಅನ್ನೋದು ಇನ್ನೂ ಗೊತ್ತಾಗಲಿಲ್ಲ.

ಸ್ಟ್ರಾಟಕ್ಸ್_ಭಟ್ಟ
ಸಾಲದು. ವೈಫೈ ಮಾತ್ರ ಇರೋದ್ರಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಸೆಲ್ಯುಲರ್ ಮಾದರಿಯಲ್ಲಿ ಇರುತ್ತೆ, ಸಿಮ್ ಹಾಕದಿದ್ರೂ ಕೆಲಸ ಮಾಡುತ್ತೆ. ಇಲ್ಲಾಂದ್ರೆ ಹೊರಗಿನ ರಿಸೀವರ್ ಬೇಕು. ರಿಸೀವರ್ ಬೇಕಿದ್ರೆ ಕಟ್ಟಿ, ಯಾವ ಯಾವ ತುಂಡು ಅಂತ ನಾನು ಬರೆದು ಕಳಿಸ್ತೀನಿ.

ಲಿವರ್ಮೋರ್_ಗೌಡ
ಕಟ್ಟೋದು ಬೇಡ, ಹಳೇ ಸೆಲ್ಯುಲರ್ ಮಿನಿ ಹುಡುಕಿ. ಹಿಂದಿನ ರಾತ್ರಿ ನಕ್ಷೆಗಳನ್ನೆಲ್ಲಾ ಇಳಿಸಿ, ಏರ್‌ಪ್ಲೇನ್ ಮೋಡ್ ಹಾಕಿ, ಮನೇಲೇ ತೆರೆದು ನೋಡಿ.

ಧಾರವಾಡದಾಂವ_ಎಲ್‌ಪಾಸೋ
ಮತ್ತ ಸ್ಯಾನ್‌ಫ್ರಾನ್ಸಿಸ್ಕೋ ಸೆಕ್ಷನಲ್ ಒಂದು ತಗೋರಿ. ಗೌಡ್ರು ಏನ ಅಂದ್ರೂ ತಗೋರಿ.

ಲಿವರ್ಮೋರ್_ಗೌಡ
ತಗೊಳ್ಳಿ, ನಾನೇನು ಬೇಡ ಅಂದಿಲ್ಲ. ಹಿಂದಿನ ಸೀಟಲ್ಲಿ ಇಡಬೇಡಿ, ಕೈಗೆ ಸಿಗೋ ಕಡೆ ಇಡಿ.